ನಾಲ್ಕು ಜೇಬಿನ ಗಂಡ: ಚೀನಾದ ಮಿಲ್ಟ್ರಿ ಕಾದಂಬರಿಗಳಲ್ಲಿ ಪ್ರೀತಿ, ಸಂಸಾರ

ಕಣ್ಣು ಬಿಟ್ಟರೆ ಮಣ್ಣಿನ ಗೋಡೆ. ಮಲಗಿರುವುದು ಇಟ್ಟಿಗೆಯ ಜಗಲಿ ಮೇಲೆ, ಅದರ ಅಡಿಯಲ್ಲಿ ಒಲೆಯ ಬಿಸಿ ಹಾಯುತ್ತಿದೆ. ಗೋಡೆಯ ಕ್ಯಾಲೆಂಡರಿನಲ್ಲಿ 1975 ಅಂತ ಇದೆ. ನಿನ್ನೆ ರಾತ್ರಿ ಆಫೀಸಿನಿಂದ ಬಂದು, ಮೊಬೈಲು ನೋಡುತ್ತಾ ನಿದ್ದೆ ಹೋದ ಹುಡುಗಿ ಇವತ್ತು ಎದ್ದಿರುವುದು ಉತ್ತರ ಚೀನಾದ ಒಂದು ಹಳ್ಳಿಯಲ್ಲಿ, ಬೇರೆ ಯಾರದೋ ಮೈಯಲ್ಲಿ. ಹೊರಗೆ ಅತ್ತೆಯ ಬೈಗುಳ ಕೇಳುತ್ತಿದೆ. ಪೆಟ್ಟಿಗೆಯ ಮೇಲೆ ಒಂದು ಫೋಟೊ. ಟೋಪಿಯಲ್ಲಿ ನಕ್ಷತ್ರ, ಅಂಗಿಗೆ ನಾಲ್ಕು ಜೇಬು. ತನಗೆ ಮದುವೆಯಾಗಿದೆ, ಗಂಡ ಸೈನ್ಯದಲ್ಲಿದ್ದಾನೆ ಅಂತ ಅವಳಿಗೆ ಗೊತ್ತಾಗುವುದು ಆ ಫೋಟೊದಿಂದ.

ಹೀಗೆ ಶುರುವಾಗುವ ಕಾದಂಬರಿಗಳು ಚೀನಾದ ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟಿವೆ. ಇನ್ನೊಂದು ಕಾಲಕ್ಕೆ ದಾಟಿಹೋಗುವುದನ್ನು ಅಲ್ಲಿ ‘ಚುವಾನ್‌ಯುಯೆ’ ಅನ್ನುತ್ತಾರೆ. ತಾನು ಓದುತ್ತಿದ್ದ ಪುಸ್ತಕದೊಳಗೇ ಹೋಗಿ ಬಿದ್ದರೆ ಅದು ‘ಚುವಾನ್‌ಶು’. ಸೈನಿಕನ ಜೊತೆಗಿನ ಮದುವೆ ‘ಜುನ್‌ಹುನ್’. 1960, 70, 80ರ ದಶಕಗಳ ಬದುಕನ್ನು ಹೇಳುವ ಕಥೆಗಳಿಗೆ ‘ನಿಯನ್‌ದಾಯ್’ ಕಥೆಗಳು ಅಂತ ಹೆಸರು. ಇವೆಲ್ಲ ಒಂದೇ ಕಾದಂಬರಿಯಲ್ಲಿ ಸೇರಿದಾಗ ನಾನು ಇಲ್ಲಿ ಹೇಳಹೊರಟಿರುವ ಪ್ರಕಾರ ಸಿಗುತ್ತದೆ. 2002ರಲ್ಲಿ ಶುರುವಾದ ಚಿದಿಯನ್, 2003ರ ಜಿನ್‌ಜಿಯಾಂಗ್‌ನಂಥ ತಾಣಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಬರೆಯುವ, ಅಧ್ಯಾಯಕ್ಕಿಷ್ಟು ಅಂತ ಕಾಸು ಕೊಟ್ಟು ಓದುವ ಪದ್ಧತಿ ಬೆಳೆಯಿತು. ಜಿನ್‌ಜಿಯಾಂಗ್‌ನಲ್ಲಿ ಬರೆಯುವವರು, ಓದುವವರು ಹೆಚ್ಚಿನವರು ಹೆಂಗಸರೇ. ಅಲ್ಲಿಂದ ಅನುವಾದವಾಗಿ, ಎಷ್ಟೋ ಸಲ ಯಂತ್ರದ ಅನುವಾದದಲ್ಲೇ, ಈ ಕಥೆಗಳು ನಮ್ಮ ಮೊಬೈಲಿಗೂ ಬಂದಿವೆ. ವಾರಪತ್ರಿಕೆಯ ಧಾರಾವಾಹಿಗೆ ಗುರುವಾರದ ತನಕ ಕಾದವರಿಗೆ, ಈಗ ಪ್ರತಿಲಿಪಿಯಲ್ಲಿ ಮುಂದಿನ ಭಾಗಕ್ಕೆ ಕಾಯುವವರಿಗೆ ಈ ಓದಿನ ರುಚಿ ಹೊಸದೇನಲ್ಲ.

ಬೇರೆಯವರ ಮೈ ಹೊಗುವುದೂ ನಮಗೆ ಹೊಸದಲ್ಲ ಬಿಡಿ. ಪರಕಾಯ ಪ್ರವೇಶ ಅಂದರೆ ಸಾಕು. ಉಭಯಭಾರತಿಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಶಂಕರಾಚಾರ್ಯರು ಅಮರುಕ ರಾಜನ ಮೈ ಹೊಕ್ಕ ಕಥೆಯನ್ನು ಅಜ್ಜಿಯರು ಹೇಳಿದ್ದಾರೆ. ರಾಜ ಮೊದಲಿನ ಹಾಗಿಲ್ಲ ಅನ್ನುವ ಅನುಮಾನ ಅರಮನೆಯವರಿಗೆ ಬರುತ್ತದೆ ಅಲ್ವಾ, ಅದನ್ನು ನೆನಪಲ್ಲಿ ಇಟ್ಟುಕೊಳ್ಳಿ. ಚೀನಾದ ಕಥೆಗಳ ಪ್ರೀತಿಯೂ ಅದೇ ಅನುಮಾನದ ಸುತ್ತ ತಿರುಗುತ್ತದೆ.

ಮೊದಲು ಆ ನಾಲ್ಕು ಜೇಬಿನ ವಿಷಯ ಹೇಳಿಬಿಡುತ್ತೇನೆ. ಚೀನಾದ ಸೈನ್ಯ 1965ರಲ್ಲಿ ಪದವಿಗಳನ್ನೇ ತೆಗೆದುಹಾಕಿತು. ಅವು ವಾಪಸ್ ಬಂದದ್ದು 1988ರಲ್ಲಿ. ನಡುವಿನ 23 ವರ್ಷ ಮೇಜರ್, ಕರ್ನಲ್ ಅಂತ ಯಾರೂ ಇರಲಿಲ್ಲ, ಹೆಗಲ ಮೇಲೆ ಪಟ್ಟಿ ಇರಲಿಲ್ಲ. ಬೆಟಾಲಿಯನ್ ನೋಡಿಕೊಳ್ಳುವವನು, ರೆಜಿಮೆಂಟ್ ನೋಡಿಕೊಳ್ಳುವವನು ಅಂತ ಕೆಲಸದ ಹೆಸರಲ್ಲೇ ಕರೆಯುತ್ತಿದ್ದರು. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೇ. ಸಾಮಾನ್ಯ ಸೈನಿಕನ ಅಂಗಿಗೆ ಎರಡು ಜೇಬು, ಅಧಿಕಾರಿಯ ಅಂಗಿಗೆ ನಾಲ್ಕು. ಈ ಕಾದಂಬರಿಗಳಲ್ಲಿ ಗಂಡು ತೋರಿಸಲು ಬಂದ ಹೆಂಗಸು ಫೋಟೊ ಮುಂದಿಟ್ಟಾಗ ಹುಡುಗಿಯ ಅಮ್ಮ ಮುಖ ನೋಡುವ ಮೊದಲು ಜೇಬು ಎಣಿಸುತ್ತಾಳೆ.

ಅದು ಸುಮ್ನೆ ದೊಡ್ಡಸ್ತಿಕೆಯ ಲೆಕ್ಕ ಅಲ್ಲ. 1958ರಿಂದ ಚೀನಾದಲ್ಲಿ ‘ಹುಕೌ’ ಅನ್ನುವ ಮನೆ ನೋಂದಣಿ ಗಟ್ಟಿಯಾಯಿತು. ಹಳ್ಳಿಯಲ್ಲಿ ನೋಂದಣಿಯಾದವರು ಹಳ್ಳಿಯವರೇ. ಪೇಟೆಗೆ ಹೋಗಿ ನೆಲೆಸುವ ಹಾಗಿಲ್ಲ, ಪೇಟೆಯ ರೇಷನ್ ಸಿಗುವುದಿಲ್ಲ. ಮಗುವಿಗೆ ತಾಯಿಯ ನೋಂದಣಿಯೇ ಬರುತ್ತಿತ್ತು, 1998ರ ತನಕ. ಅಂದರೆ ಗಂಡ ಎಷ್ಟೇ ಮೇಲೆ ಹೋದರೂ ಹೆಂಡತಿ ಹಳ್ಳಿಯಲ್ಲೇ ಉಳಿದರೆ ಮಕ್ಕಳೂ ಹಳ್ಳಿಯವರೇ. ಹೊಲದಲ್ಲಿ ದಿನವಿಡೀ ದುಡಿದರೆ ಗಂಡಸಿಗೆ 10 ಪಾಯಿಂಟ್, ಹೆಂಗಸಿಗೆ ಸಾಮಾನ್ಯವಾಗಿ 7 ಅಥವಾ 8. ವರ್ಷದ ಕೊನೆಗೆ ಆ ಪಾಯಿಂಟ್ ಲೆಕ್ಕದ ಮೇಲೆ ಕಾಳು. ಈ ಬದುಕಿನಿಂದ ಹೊರಬರಲು ಇದ್ದ ಬೆರಳೆಣಿಕೆಯ ದಾರಿಗಳಲ್ಲಿ ಒಂದು ‘ಸುಯ್‌ಜುನ್’, ಅಂದರೆ ಗಂಡನ ಜೊತೆ ಸೈನ್ಯದ ವಸತಿಗೆ ಹೋಗಿ ಇರುವುದು. ಅದಕ್ಕೂ ಗಂಡನಿಗೆ ಇಂತಿಷ್ಟು ಹುದ್ದೆ ಅಥವಾ ಇಷ್ಟು ವರ್ಷದ ಸೇವೆ ಆಗಿರಬೇಕಿತ್ತು. ಈ ಕಾದಂಬರಿಗಳ ನಾಯಕ ಮೂವತ್ತು ತುಂಬುವ ಮೊದಲೇ ಬೆಟಾಲಿಯನ್ ಮುಖ್ಯಸ್ಥ ಆಗಿರುವುದು ಲೇಖಕಿಯ ಆಸೆಬುರುಕತನ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆದರೆ ಅವನು ಅಷ್ಟು ಮೇಲೆ ಇಲ್ಲದಿದ್ದರೆ ಹೆಂಡತಿ ಅವನ ಹತ್ತಿರ ಬರುವಂತೆಯೇ ಇಲ್ಲ. ಇಬ್ಬರೂ ಒಂದೇ ಸೂರಿನಡಿ ಇರದಿದ್ದರೆ ಪ್ರೀತಿಯ ಕಥೆ ಮುಂದೆ ಹೋಗುವುದು ಹೇಗೆ?

ಇನ್ನು ಪ್ರೀತಿಯನ್ನು ಹೇಳುವ ರೀತಿ. ಈ ಪ್ರಕಾರದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಗಂಡ ರಾತ್ರಿ ಬರುತ್ತಾನೆ, ಬೂಟಿನ ಮಣ್ಣು ಹೊಸಿಲಲ್ಲೇ ಕೊಡವುತ್ತಾನೆ. ಅವಳು ಬಿಸಿ ನೀರು ಇಡುತ್ತಾಳೆ. ಅವನು ಅಂಗಿಯ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಡುತ್ತಾನೆ. ಸಂಬಳದ ನೋಟು, ಬ್ಯಾಂಕಿನ ಪಾಸ್‌ಬುಕ್, ರಬ್ಬರ್ ಬ್ಯಾಂಡ್ ಹಾಕಿದ ಕೂಪನ್ನಿನ ಕಟ್ಟು. “ಇನ್ನು ಮನೆ ನೀನೇ ನೋಡ್ಕೋ” ಅನ್ನುತ್ತಾನೆ. ಅಷ್ಟೇ ಮಾತು. ಅವಳು ಒಂದೊಂದಾಗಿ ಕೂಪನ್ ಎಣಿಸಿ ಬೇರೆ ಬೇರೆ ಇಡುತ್ತಾಳೆ. ಇದು ಬಟ್ಟೆಗೆ, ಇದು ಎಣ್ಣೆಗೆ, ಇದು ಅಕ್ಕಿಗೆ. ಅವನು ನೋಡುತ್ತಾ ಕೂರುತ್ತಾನೆ. ಇಂಥ ಒಂದು ದೃಶ್ಯ ಇಲ್ಲದ ಮಿಲ್ಟ್ರಿ ಕಾದಂಬರಿಯನ್ನು ನಾನು ಓದಿದ್ದೇ ಇಲ್ಲ ಅನ್ನಬಹುದು.

ಆ ಕಟ್ಟಿನ ಬೆಲೆ ಗೊತ್ತಿದ್ದರೆ ಮಾತ್ರ ಈ ದೃಶ್ಯ ಮನಸ್ಸಿಗೆ ನಾಟುತ್ತದೆ. ಚೀನಾದಲ್ಲಿ ಧಾನ್ಯದ ಕೂಪನ್ 1955ರಲ್ಲಿ ಬಂದು 1993ರ ಹೊತ್ತಿಗೆ ಹೋಯಿತು. ಕೈಯಲ್ಲಿ ಎಷ್ಟು ದುಡ್ಡಿದ್ದರೂ ಕೂಪನ್ ಇಲ್ಲದೆ ಹೋಟೆಲಿನಲ್ಲಿ ಒಂದು ಬಟ್ಟಲು ನೂಡಲ್ಸ್ ಕೂಡ ಸಿಗುತ್ತಿರಲಿಲ್ಲ. ಅದರಲ್ಲೂ ಎರಡು ಬಗೆ. ಒಂದು ಆಯಾ ಪ್ರಾಂತ್ಯದ್ದು, ಗಡಿ ದಾಟಿದರೆ ಬರೀ ಕಾಗದ. ಇನ್ನೊಂದು ಇಡೀ ದೇಶದಲ್ಲಿ ನಡೆಯುವಂಥದ್ದು, ಸಿಗುವುದು ಕಷ್ಟ. ಮದುವೆಗೆ ಕೇಳುತ್ತಿದ್ದ ವಸ್ತುಗಳೂ ನಾಲ್ಕೇ: ಸೈಕಲ್ಲು, ಹೊಲಿಗೆ ಯಂತ್ರ, ಕೈಗಡಿಯಾರ, ರೇಡಿಯೊ. ಅವಕ್ಕೂ ಕೂಪನ್ ಬೇಕು. ಹಾಗಾಗಿ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಬಾಯಲ್ಲಿ ಬರದ ಗಂಡ ಆರು ತಿಂಗಳು ಕೂಡಿಟ್ಟ ಹೊಲಿಗೆ ಯಂತ್ರದ ಕೂಪನ್ನನ್ನು ದಿಂಬಿನಡಿ ಇಟ್ಟು ಡ್ಯೂಟಿಗೆ ಹೋದರೆ, ಓದುವವರಿಗೆ ಗಂಟಲು ಕಟ್ಟುತ್ತದೆ.

ಹೆಂಡತಿ ಏನು ಕೊಡುತ್ತಾಳೆ? ಅವಳ ಹತ್ತಿರ ಇರುವುದು ನಾಳೆಯ ಅರಿವು. ಭೂಕಂಪ ಯಾವಾಗ, ಪರೀಕ್ಷೆ ಯಾವಾಗ, ವ್ಯಾಪಾರಕ್ಕೆ ಬಾಗಿಲು ತೆರೆಯುವುದು ಯಾವಾಗ, ಎಲ್ಲ ಗೊತ್ತು. ಕೆಲವು ಕಥೆಗಳಲ್ಲಿ ಅವಳಿಗೊಂದು ಗುಪ್ತ ಉಗ್ರಾಣವೂ ಇರುತ್ತದೆ. ಮನಸ್ಸಿನಲ್ಲಿ ನೆನೆದರೆ ಕೈಗೆ ಅಕ್ಕಿ, ಮೊಟ್ಟೆ, ಔಷಧಿ ಬರುತ್ತವೆ. ಈ ಉಗ್ರಾಣ ನನಗೆ ಅಷ್ಟು ಹಿಡಿಸುವುದಿಲ್ಲ. ಹಸಿವೇ ಇಲ್ಲದ ಮನೆಯಲ್ಲಿ ಹಂಚಿ ತಿನ್ನುವುದಕ್ಕೆ ಏನು ಅರ್ಥ? ಆದರೆ ಅರಿವಿನ ವಿಷಯ ಬೇರೆ. ಅವನಿಗೆ ಸಂಸ್ಥೆಯ ಬಲ, ಅವಳಿಗೆ ಕಾಲದ ಬಲ. ಅವನು ಅವಳನ್ನು ಇವತ್ತಿನಿಂದ ಕಾಪಾಡುತ್ತಾನೆ, ಅವಳು ಅವನನ್ನು ನಾಳೆಯಿಂದ ಕಾಪಾಡುತ್ತಾಳೆ. ಚೆನ್ನಾಗಿ ಬರೆದಾಗ ಈ ಸಂಸಾರ ಎರಡೂ ಕಡೆಯಿಂದ ತೂಗುತ್ತದೆ.

ತೂಕ ತಪ್ಪುವುದು ಗುಟ್ಟಿನಲ್ಲಿ. ಅವಳು ತನ್ನ ಅರಿವು ಎಲ್ಲಿಂದ ಬಂತು ಅಂತ ಹೇಳುವ ಹಾಗಿಲ್ಲ. ಅವನಾದರೋ ಸೈನಿಕ, ಸೂಕ್ಷ್ಮವನ್ನು ಗಮನಿಸುವುದೇ ಅವನ ಕಸುಬು. ಅಕ್ಷರ ಬಾರದಿದ್ದ ಹೆಂಡತಿ ಈಗ ಪೇಪರ್ ಓದುತ್ತಾಳೆ. ಬೆಂಕಿ ಹಚ್ಚುವುದನ್ನು ಮರೆತಿದ್ದಾಳೆ, ಗಾಯಕ್ಕೆ ಹೊಲಿಗೆ ಹಾಕುವುದು ಗೊತ್ತಿದೆ. ಆ ಕಾಲದ ಚೀನಾದಲ್ಲಿ ಇಂಥ ಬದಲಾವಣೆಗೆ ಸಿಗುವ ವಿವರಣೆ ಒಂದೇ: ಇವಳು ಗೂಢಚಾರಿಣಿ. ಸೈನಿಕ ಮದುವೆಯಾಗಬೇಕಾದರೆ ಮೇಲಿನವರಿಗೆ ಅರ್ಜಿ ಕೊಡಬೇಕಿತ್ತು, ಹುಡುಗಿಯ ಮನೆತನದ ರಾಜಕೀಯ ಹಿನ್ನೆಲೆಯ ತನಿಖೆ ನಡೆಯಬೇಕಿತ್ತು. ಹೆಂಡತಿಯ ಮೇಲೆ ಅನುಮಾನ ಬಂದು ಸುಮ್ಮನಿದ್ದರೆ ಅವನ ಕೆಲಸಕ್ಕೇ ಕುತ್ತು.

ಅಂಥ ಗಂಡ ಒಂದು ದಿನ ಎಲ್ಲವನ್ನೂ ಲೆಕ್ಕ ಹಾಕಿ, ಇವಳು ಆ ಹಳೆಯ ಹುಡುಗಿ ಅಲ್ಲ ಅಂತ ಖಚಿತವಾದ ಮೇಲೂ ಕೇಳದೆ ಇರುತ್ತಾನೆ. ನೀನು ಹೇಳಬೇಕು ಅನಿಸಿದಾಗ ಹೇಳು ಅನ್ನುತ್ತಾನೆ. ಈ ಪ್ರಕಾರದ ಪ್ರೀತಿಯ ತಿರುವು ಇದು. ಮುತ್ತಿಗಿಂತ, ಮೊದಲ ರಾತ್ರಿಗಿಂತ ದೊಡ್ಡದು. ಯಾಕೆಂದರೆ ಅವನು ಬಿಟ್ಟುಕೊಡುತ್ತಿರುವುದು ತನ್ನ ಕಸುಬಿನ ಮೂಲ ಗುಣವನ್ನೇ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಹಳೆಯ ಹುಡುಗಿ ಎಲ್ಲಿ ಹೋದಳು? ಅತ್ತೆಯ ಬೈಗುಳ ಕೇಳಿಕೊಂಡು, ಗಂಡನ ಕಾಗದ ಬೇರೆಯವರಿಂದ ಓದಿಸಿಕೊಂಡು, ಜ್ವರದಲ್ಲಿ ಯಾರೂ ನೋಡಿಕೊಳ್ಳದೆ ಸತ್ತವಳು. ಅವಳು ಸತ್ತ ಬೆಳಿಗ್ಗೆಯೇ ನಮ್ಮ ನಾಯಕಿ ಕಣ್ಣು ಬಿಟ್ಟದ್ದು. ‘ಚುವಾನ್‌ಶು’ ಕಥೆಗಳಲ್ಲಿ ಇಂಥವಳಿಗೆ ‘ಪಾವ್‌ಹುಯ್’ ಅನ್ನುತ್ತಾರೆ. ತೋಪಿನ ಬಾಯಿಯ ಬೂದಿ ಅಂತ ಅರ್ಥ. ಬೇರೆಯವರ ಕಥೆ ಮುಂದೆ ಹೋಗಲೆಂದು ಸಾಯುವ ಪಾತ್ರ. ಹೆಚ್ಚಿನ ಕಾದಂಬರಿಗಳು ಅವಳನ್ನು ದಡ್ಡಿ, ಸೋಮಾರಿ, ಜಗಳಗಂಟಿ ಅಂತ ಎರಡು ಸಾಲಲ್ಲಿ ಮುಗಿಸುತ್ತವೆ. ಗಂಡನಿಗೆ ಹೊಸ ಹೆಂಡತಿ ಸಿಕ್ಕಳು ಅಂತ ಓದುವವರೂ ಸಂತೋಷಪಡುತ್ತಾರೆ. ನನಗೆ ಇದು ಅನ್ಯಾಯ ಅನಿಸುತ್ತದೆ. ಓದು ಬರಹ ಬಲ್ಲ, ಪೇಟೆಯ, ಇವತ್ತಿನ ಹೆಣ್ಣು ಬಂದ ಮೇಲೆ ಮಾತ್ರ ಗಂಡನಿಗೆ ಮನೆಯ ಕಡೆ ಮನಸ್ಸು ಬಂತು ಅನ್ನುವುದಾದರೆ, ಆ ಹಳ್ಳಿ ಹುಡುಗಿಯ ತಪ್ಪು ಏನಿತ್ತು? ಕೆಲವು ಲೇಖಕಿಯರು ಮಾತ್ರ ಇದನ್ನು ಎದುರಿಸುತ್ತಾರೆ. ನಾಯಕಿ ಅವಳ ಹೆಸರಲ್ಲಿ ಗುಟ್ಟಾಗಿ ಒಂದು ಊದುಕಡ್ಡಿ ಹಚ್ಚುತ್ತಾಳೆ. ಗಂಡ ತಾನು ಆ ಹುಡುಗಿಗೆ ಎರಡು ಸಾಲು ಕಾಗದ ಕೂಡ ನೆಟ್ಟಗೆ ಬರೆಯಲಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಅಂಥ ಪುಸ್ತಕದಲ್ಲಿ ಮುಂದಿನ ಪ್ರೀತಿಯನ್ನು ನಂಬಲು ಆಗುತ್ತದೆ.

ಕಾಗದದ ಮಾತು ಬಂತಲ್ಲ. ಅದಕ್ಕೆ ಕಾನೂನಿನ ತೂಕವೇ ಇತ್ತು. 1950ರ ಚೀನಾದ ಮದುವೆ ಕಾನೂನು ಹೆಣ್ಣಿಗೆ ವಿಚ್ಛೇದನದ ಹಕ್ಕು ಕೊಟ್ಟು ದೊಡ್ಡ ಬದಲಾವಣೆ ತಂದಿತು. ಅದೇ ಕಾನೂನಿನ 19ನೇ ಕಲಂ ಸೈನಿಕನ ಹೆಂಡತಿಗೆ ಬೇರೆ ನಿಯಮ ಹಾಕಿತು. ಗಂಡ ಮನೆಗೆ ಕಾಗದ ಬರೆಯುತ್ತಿರುವ ತನಕ ಅವನು ಒಪ್ಪಿದರೆ ಮಾತ್ರ ವಿಚ್ಛೇದನ. ಎರಡು ವರ್ಷ ಕಾಗದವೇ ಇಲ್ಲದಿದ್ದರೆ ಅವಳು ಬಿಡುಗಡೆ ಕೇಳಬಹುದು. 1980ರ ಕಾನೂನಿನಲ್ಲೂ ಗಂಡನ ಒಪ್ಪಿಗೆಯ ಷರತ್ತು ಉಳಿಯಿತು. 2001ರಲ್ಲಿ, ಸೈನಿಕನದೇ ದೊಡ್ಡ ತಪ್ಪಿದ್ದರೆ ಒಪ್ಪಿಗೆ ಬೇಕಿಲ್ಲ ಅಂತ ಸೇರಿಸಿದರು. 2021ರ ಜನವರಿಯಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯಲ್ಲೂ ಇದು ಹಾಗೇ ಇದೆ. ಅದರ ಜೊತೆಗೆ ಕ್ರಿಮಿನಲ್ ಕಾನೂನಿನ 259ನೇ ಕಲಂ. ಸೈನಿಕನ ಹೆಂಡತಿ ಅಂತ ಗೊತ್ತಿದ್ದೂ ಅವಳ ಜೊತೆ ಸಂಸಾರ ಹೂಡಿದವನಿಗೆ ಮೂರು ವರ್ಷದ ತನಕ ಜೈಲು.

ನಮ್ಮಲ್ಲೂ ಇದರ ಒಂದು ಎಳೆ ಇದೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವ್ಯಭಿಚಾರ ಅಪರಾಧವಲ್ಲ ಅಂದಿತು. 2023ರ ಜನವರಿಯಲ್ಲಿ, ಆ ತೀರ್ಪಿನಿಂದ ಸೇನೆಯ ಒಳಗಿನ ಶಿಸ್ತುಕ್ರಮಕ್ಕೆ ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ಗಡಿಯಲ್ಲಿ ನಿಂತವನ ಮನಸ್ಸು ಮನೆಯ ಬಗ್ಗೆ ನೆಮ್ಮದಿಯಾಗಿರಬೇಕು ಅನ್ನುವ ಯೋಚನೆ ಎರಡೂ ಕಡೆ ಇದೆ. ವ್ಯತ್ಯಾಸ ಅಂದರೆ, ಇಲ್ಲಿ ಕಟ್ಟುಪಾಡು ಬೀಳುವುದು ಸಮವಸ್ತ್ರ ತೊಟ್ಟವರ ಮೇಲೆ. ಚೀನಾದಲ್ಲಿ ಸಮವಸ್ತ್ರ ತೊಡದ ಹೆಂಡತಿಯ ಕೈಯನ್ನೂ ಕಟ್ಟಲಾಗಿದೆ.

ಕಾದಂಬರಿಗಳು ಈ ಕಟ್ಟನ್ನೇ ಭರವಸೆಯಾಗಿ ತಿರುಗಿಸುತ್ತವೆ. ‘ಮಿಲ್ಟ್ರಿ ಮದುವೆ, ಮುರಿಯಲು ಬರುವುದಿಲ್ಲ’ ಅನ್ನುವ ಮಾತನ್ನು ನಾಯಕ ಮೆಲ್ಲಗೆ ನಗುತ್ತಾ ಹೇಳುತ್ತಾನೆ, ನಾಯಕಿ ನಾಚುತ್ತಾಳೆ. ನಾನೂ ಮೊದಮೊದಲು ಆ ಸಾಲನ್ನು ಖುಷಿಯಿಂದ ಓದಿದವಳೇ. ಆಮೇಲೆ ಕಾನೂನು ಓದಿದೆ. ಮುರಿಯಲು ಬಾರದಿರುವುದು ಅವಳಿಗೆ ಮಾತ್ರ. ಅವನು ಬೇಡ ಅಂದರೆ ಅವಳ ಒಪ್ಪಿಗೆಯನ್ನು ಅದೇ ರೀತಿ ಕೇಳಬೇಕಿಲ್ಲ. ಗಂಡ ಒಳ್ಳೆಯವನಾಗಿದ್ದಾಗ ಈ ಕಲಂ ಕಾಣಿಸುವುದೇ ಇಲ್ಲ. ಅದಕ್ಕೇ ಲೇಖಕಿ ಗಂಡನನ್ನು ಅಷ್ಟು ಒಳ್ಳೆಯವನಾಗಿ ಮಾಡಲೇಬೇಕಾಗುತ್ತದೆ. ಅವನು ಸ್ವಲ್ಪ ಕೆಟ್ಟವನಾದರೂ ಪ್ರೇಮಕಥೆ ಸೆರೆಮನೆಯ ಕಥೆಯಾಗುತ್ತದೆ.

ಹಾಗಾದರೆ ಇವತ್ತಿನ ಚೀನೀ ಹೆಣ್ಣುಮಕ್ಕಳಿಗೆ ಇದು ಯಾಕೆ ಬೇಕು? 2013ರಲ್ಲಿ ಚೀನಾದಲ್ಲಿ ಸುಮಾರು 1.35 ಕೋಟಿ ಜೋಡಿ ಮದುವೆ ನೋಂದಾಯಿಸಿದ್ದರು. 2024ರಲ್ಲಿ ಅದು ಸುಮಾರು 61 ಲಕ್ಷ. ಒಂದೇ ವರ್ಷದಲ್ಲಿ, 2023ರ 76.8 ಲಕ್ಷದಿಂದ ಇಲ್ಲಿಗೆ ಇಳಿದದ್ದು. 2021ರಿಂದ ಒಪ್ಪಿಗೆಯ ವಿಚ್ಛೇದನಕ್ಕೂ 30 ದಿನ ಕಾಯಬೇಕು. ಮನೆಯ ಬೆಲೆ, ಕೆಲಸದ ಹೊತ್ತು, ಮಗು ಹೆತ್ತರೆ ಕೆಲಸದಲ್ಲಿ ಹಿಂದೆ ಬೀಳುವ ಭಯ, ಇವೆಲ್ಲ ಮದುವೆಯನ್ನು ದೂರ ತಳ್ಳಿವೆ. ಮದುವೆ ಬೇಡ ಅನ್ನುವ ಅದೇ ತಲೆಮಾರಿನವರು ರಾತ್ರಿ ಮಿಲ್ಟ್ರಿ ಗಂಡನ ಕಥೆ ಓದುತ್ತಾರೆ. ಇದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಅವರಿಗೆ ಬೇಕಾದ್ದು ಸೈನ್ಯವಲ್ಲ, ಹಳೆಯ ಬಡತನವೂ ಅಲ್ಲ. ಸಂಬಳ ತಂದು ಕೈಗಿಡುವ, ಅಮ್ಮನ ಎದುರು ಹೆಂಡತಿಯ ಪರ ನಿಲ್ಲುವ, ಮನೆಗೆ ಬಂದರೆ ನೀರು ಹೊತ್ತು, ಪಾತ್ರೆ ತೊಳೆಯುವ ಗಂಡ. ಅವನು ಇವತ್ತಿನ ಪೇಟೆಯಲ್ಲಿ ಇದ್ದಾನೆ ಅಂದರೆ ಅವರು ನಂಬುವುದಿಲ್ಲ. 1975ರ ಸೈನ್ಯದ ವಸತಿಯಲ್ಲಿ ಇದ್ದ ಅಂದರೆ ನಂಬಲು ಒಂದು ನೆಪ ಸಿಗುತ್ತದೆ. ನೀರು ಹೊರುವುದು, ಹಾಸಿಗೆ ಮಡಿಸುವುದು ಅವನಿಗೆ ಸೈನ್ಯವೇ ಕಲಿಸಿದೆ ಅಲ್ವಾ.

ಈ ಪ್ರಕಾರದಲ್ಲೇ ಇನ್ನೊಂದು ಕವಲಿದೆ. ಮಕ್ಕಳಾಗದು ಅಂತ ವೈದ್ಯರು ಹೇಳಿದ ಅಧಿಕಾರಿ, ಮದುವೆಯಾದ ಕೂಡಲೇ ಅವಳಿ ಮಕ್ಕಳು, ಮತ್ತೆ ಅವಳಿ. ಅಲ್ಲಿ ಹೆಂಡತಿಯ ಬೆಲೆ ಅವಳ ಹೊಟ್ಟೆಯದು. ಮಾರಾಟ ಜಾಸ್ತಿ ಇರಬಹುದು, ನನಗೆ ಅದರಲ್ಲಿ ಪ್ರೀತಿಯೂ ಕಾಣಲಿಲ್ಲ, ಸಂಸಾರವೂ ಕಾಣಲಿಲ್ಲ.

ಕಾಲವನ್ನು ತೋರಿಸುವಾಗ ಈ ಕಥೆಗಳು ಎಷ್ಟೋ ಸಲ ಮುಖ ತಿರುಗಿಸುತ್ತವೆ ಅನ್ನುವುದನ್ನೂ ಹೇಳಬೇಕು. 1968ರ ಡಿಸೆಂಬರಿನ ಮಾವೋ ಕರೆಯ ನಂತರ ಊರು ಬಿಟ್ಟು ಹಳ್ಳಿಗೆ ಹೋಗಬೇಕಾಗಿ ಬಂದ ಪೇಟೆಯ ಹುಡುಗ ಹುಡುಗಿಯರನ್ನು ಲೆಕ್ಕ ಹಾಕಿದರೆ, ಒಟ್ಟು ಸುಮಾರು 1.7 ಕೋಟಿ ಅನ್ನುತ್ತಾರೆ. ಶ್ರೀಮಂತ ಮನೆತನದಲ್ಲಿ ಹುಟ್ಟಿದ್ದಕ್ಕೇ ಬೀದಿಯಲ್ಲಿ ನಿಲ್ಲಿಸಿ ಅವಮಾನ ಮಾಡಿದ ಕಾಲ ಅದು. ಇತ್ತೀಚೆಗೆ ಬಂಡವಾಳಗಾರನ ಮಗಳು ಮಿಲ್ಟ್ರಿ ಅಧಿಕಾರಿಯನ್ನು ಮದುವೆಯಾಗಿ ಪಾರಾಗುವ ಕಥೆ ಬಹಳ ಬರುತ್ತಿದೆ. ಅವಳು ಪಾರಾದಳು ಸರಿ. ಪಕ್ಕದ ಮನೆಯ ಮೇಷ್ಟ್ರು ಏನಾದರು ಅಂತ ಕಥೆ ಕೇಳುವುದಿಲ್ಲ.

ವಸತಿಯ ಅಂಗಳಕ್ಕೆ ಬಂದರೆ ಮಾತ್ರ ಈ ಪ್ರಕಾರಕ್ಕೆ ಮತ್ತೆ ಜೀವ ಬರುತ್ತದೆ. ಗಂಡ ತಿಂಗಳುಗಟ್ಟಲೆ ಇರುವುದಿಲ್ಲ. ಎಲ್ಲಿದ್ದಾನೆ ಅಂತ ಹೇಳುವ ಹಾಗಿಲ್ಲ. ಆಗ ಹೆಂಡತಿಯ ಸಂಸಾರ ನಡೆಯುವುದು ಪಕ್ಕದ ಮನೆಯ ಹೆಂಗಸರ ಜೊತೆ. ಒಬ್ಬಳು ಎಲೆಕೋಸು ಉಪ್ಪಿನಲ್ಲಿ ಹಾಕುವುದು ಕಲಿಸುತ್ತಾಳೆ, ಇವಳು ಅವಳಿಗೆ ಅಕ್ಷರ ಕಲಿಸುತ್ತಾಳೆ. ನಡುರಾತ್ರಿ ಹೆರಿಗೆ ನೋವು ಬಂದರೆ ಓಡಿ ಬರುವವರು ಇವರೇ. ಕೊಡಗಿನಲ್ಲಿ, ಬೆಳಗಾವಿ ಕಡೆ ಮಿಲ್ಟ್ರಿಯವರ ಮನೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ರಜೆಗೆ ಬಂದವರ ಕಪ್ಪು ಟ್ರಂಕು ಅಟ್ಟ ಹತ್ತುವ ಹೊತ್ತಿಗೆ ಮಕ್ಕಳಿಗೆ ಅಪ್ಪನ ಗುರುತು ಹತ್ತುತ್ತದೆ, ಅಷ್ಟರಲ್ಲಿ ರಜೆ ಮುಗಿದು ಟ್ರಂಕು ಕೆಳಗಿಳಿಯುತ್ತದೆ. ಹೊಲದ ನೀರಿನ ಸರದಿ, ಮಗುವಿನ ಫೀಸು, ಮಾವನ ಕೆಮ್ಮು ಎಲ್ಲ ಹೆಂಡತಿಯೇ ನೋಡಿಕೊಳ್ಳಬೇಕು. ಗಂಡ ಇಲ್ಲದ ಈ ದಿನಗಳನ್ನು ಬರೆದ ಅಧ್ಯಾಯಗಳು ಅವನು ಇರುವ ಅಧ್ಯಾಯಗಳಿಗಿಂತ ಹೆಚ್ಚು ನಿಜ ಅನಿಸುತ್ತವೆ.

ಇಷ್ಟೆಲ್ಲ ಓದಿದ ಮೇಲೆ ನಾನು ಒಂದು ಪುಸ್ತಕವನ್ನು ತೂಗುವುದು 1977ರ ಅಧ್ಯಾಯದಲ್ಲಿ. ಹತ್ತು ವರ್ಷ ನಿಂತಿದ್ದ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ನಡೆಯುತ್ತದೆ ಅಂತ ಆ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಚಳಿಗಾಲದಲ್ಲಿ ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು 2.7 ಲಕ್ಷ ಮಂದಿಗೆ. ಮುಂದಿನ ವರ್ಷದ ವಸಂತದಲ್ಲಿ ಅವರು ಕಾಲೇಜಿಗೆ ಹೋದರು. ನಮ್ಮ ನಾಯಕಿಗೆ ಸೀಟು ಸಿಗುವುದು ಖಚಿತ. ಪ್ರಶ್ನೆ ಇರುವುದು ಗಂಡನದು. ಇಷ್ಟು ವರ್ಷ ‘ಮುರಿಯಲು ಬಾರದ ಮದುವೆ’ ಅಂತ ನೆಮ್ಮದಿಯಾಗಿದ್ದವನು, ಸಾವಿರ ಕಿಲೋಮೀಟರ್ ದೂರದ ಊರಿಗೆ ನಾಲ್ಕು ವರ್ಷಕ್ಕೆ ಹೆಂಡತಿಯನ್ನು ಕಳಿಸಬೇಕು. ಕೆಲವು ಕಾದಂಬರಿಗಳಲ್ಲಿ ಅವನಿಗೆ ಅದೇ ಊರಿಗೆ ಸುಲಭವಾಗಿ ವರ್ಗವಾಗಿಬಿಡುತ್ತದೆ. ಕೆಲವುಗಳಲ್ಲಿ ಅವನ ಅಮ್ಮ ಅಡ್ಡ ಬರುತ್ತಾಳೆ, ಅವನು ಮಾತಾಡುವುದಿಲ್ಲ. ಅಂಥ ಪುಸ್ತಕ ಅಲ್ಲಿಗೇ ಮುಚ್ಚಿಡುತ್ತೇನೆ.

ಒಳ್ಳೆಯ ಪುಸ್ತಕದಲ್ಲಿ ಅವನು ಸ್ಟೇಷನ್ನಿಗೆ ಬರುತ್ತಾನೆ. ಒಂದು ತೋಳಿನಲ್ಲಿ ನಿದ್ದೆಗಣ್ಣಿನ ಮಗಳು. ರೈಲು ಬರುವ ಹೊತ್ತಿಗೆ ಮೇಲಿನ ಜೇಬಿನ ಗುಂಡಿ ಬಿಚ್ಚಿ, ಒಂದು ಲಕೋಟೆ ತೆಗೆದು ಅವಳ ಕೋಟಿನ ಜೇಬಿಗೆ ಹಾಕುತ್ತಾನೆ. ರೈಲು ಹೊರಟ ಮೇಲೆ ಅವಳು ತೆಗೆದು ನೋಡುತ್ತಾಳೆ. ತಿಂಗಳಿಗೆ ಒಂದೋ ಎರಡೋ ಅಂತ, ಯಾರ ಯಾರ ಹತ್ತಿರವೋ ಬದಲಾಯಿಸಿ ಅವನು ಕೂಡಿಟ್ಟ ಕೂಪನ್. ಪ್ರಾಂತ್ಯದ್ದು ಒಂದೂ ಇಲ್ಲ. ಎಲ್ಲವೂ ದೇಶದ ಯಾವ ಊರಲ್ಲಾದರೂ ನಡೆಯುವಂಥವು.